ನಿಂತರೆ ದಂಡ, ಕೂತರೆ ದಂಡ

ಮನುಷ್ಯ ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲುವುದನ್ನು ಕಲಿಯಲು ಲಕ್ಷಾಂತರ ವರ್ಷ ಹಿಡಿಯಿತಂತೆ. ಆ ವಿದ್ಯೆಗೆ 2023ರಲ್ಲಿ ಇಟಲಿಯ ಒಂದು ಹಳ್ಳಿ ದರ ಗೊತ್ತುಮಾಡಿತು: 275 ಯೂರೋವರೆಗೆ. ಆಗಿನ ಲೆಕ್ಕಕ್ಕೆ ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ ಇಪ್ಪತ್ತೈದು ಸಾವಿರ ರೂಪಾಯಿ.

ಹಳ್ಳಿಯ ಹೆಸರು ಪೋರ್ಟೊಫಿನೊ. ಲಿಗೂರಿಯಾ ಕರಾವಳಿಯಲ್ಲಿ, ಜಿನೋವಾ ನಗರದ ಪೂರ್ವಕ್ಕೆ, ಕಾಡು ತುಂಬಿದ ಗುಡ್ಡವೊಂದು ಕಡಲಿಗೆ ಮೂಗು ಚಾಚಿದ ಜಾಗದಲ್ಲಿದೆ. ಒಂದು ಪುಟ್ಟ ಕೊಲ್ಲಿ, ಅದರ ಸುತ್ತ ಕೇಸರಿ, ಗುಲಾಬಿ, ಹಳದಿ ಬಣ್ಣದ ಎತ್ತರದ ಮನೆಗಳು, ಮೇಲೊಂದು ಇಗರ್ಜಿ, ಅದಕ್ಕೂ ಮೇಲೊಂದು ಕೋಟೆ. ವಾಸವಿರುವವರು ನಾನೂರು ಜನವೂ ಇಲ್ಲ. ಆದರೆ ಮೇಯರ್ ಇದ್ದಾರೆ, ಪೊಲೀಸರಿದ್ದಾರೆ, ಲೂಯಿ ವಿಟಾನ್ ಅಂಗಡಿಯಿದೆ. ಜೊತೆಗೆ, ಬಂದವನು ಎಲ್ಲಿ ನಿಲ್ಲಬಾರದು ಎಂಬುದಕ್ಕೆ 2023ರಲ್ಲಿ ಒಂದು ಲಿಖಿತ ಆದೇಶವೂ ಬಂತು.

ಆ ಸುಗ್ರೀವಾಜ್ಞೆಯ ಸಾರ ಇಷ್ಟೇ. ದಕ್ಕೆಯ ಬಳಿ ಎರಡು ಕಡೆ ‘ಕೆಂಪು ವಲಯ’. ಬೆಳಿಗ್ಗೆ 10:30ರಿಂದ ಸಂಜೆ 6ರವರೆಗೆ ಅಲ್ಲಿ ಯಾರೂ ನಿಲ್ಲಕೂಡದು. ಬರಬಹುದು, ಹೋಗಬಹುದು, ನಡುವೆ ನಿಂತರೆ ದಂಡ. ಆ ಎರಡು ಜಾಗಗಳು ಮಾಡಿದ ಪಾಪವೆಂದರೆ ಅಲ್ಲಿಂದ ಊರು ಬಲು ಚೆನ್ನಾಗಿ ಕಾಣುತ್ತದೆ. ಕಂಡಮೇಲೆ ಜನ ಸೆಲ್ಫಿ ತೆಗೆಯುತ್ತಾರೆ. ತೆಗೆದಮೇಲೆ ಕಣ್ಣು ಮುಚ್ಚಿದ್ದು ಗೊತ್ತಾಗಿ ಇನ್ನೊಂದು ತೆಗೆಯುತ್ತಾರೆ. ಅಷ್ಟರಲ್ಲಿ ಹಿಂದೆ ಜನ ಜಮಾಯಿಸಿ ದಾರಿ ಕಟ್ಟುತ್ತದೆ. ಊರನ್ನು ಸಿರಿವಂತರಿಗೆ ಮೀಸಲಿಡುವುದು ತಮ್ಮ ಉದ್ದೇಶವಲ್ಲ, ಎಲ್ಲರೂ ಸೊಬಗನ್ನು ಸವಿಯಲಿ ಎಂದೇ ಹೀಗೆ ಮಾಡಿದ್ದು ಎಂದು ಮೇಯರ್ ಸಮಜಾಯಿಷಿ ಕೊಟ್ಟರು. ಸರಿ, ಸವಿಯೋಣ. ನಡೆಯುತ್ತಾ ಸವಿಯೋಣ.

ತಮಾಷೆಯೆಂದರೆ, ಇದಕ್ಕೆ ಆರು ವರ್ಷ ಮೊದಲು, 2017ರಲ್ಲಿ, ರಪಾಲ್ಲೊ ಪಟ್ಟಣದಿಂದ ಪೋರ್ಟೊಫಿನೊವರೆಗೆ ಕಡಲಂಚಿನ ರಸ್ತೆಯುದ್ದಕ್ಕೂ ಸುಮಾರು ಎಂಟು ಕಿಲೋಮೀಟರ್ ಉದ್ದದ ಕೆಂಪುಗಂಬಳಿ ಹಾಸಿ ಪ್ರವಾಸಿಗಳನ್ನು ಕರೆದಿದ್ದರು. ಕರೆದಾಗಲೂ ಕೆಂಪು, ಅಟ್ಟುವಾಗಲೂ ಕೆಂಪು. ಬಣ್ಣದ ವಿಷಯದಲ್ಲಿ ಇಟಲಿಯವರ ಅಭಿರುಚಿಗೆ ಕೊರತೆಯಿಲ್ಲ.

ನಿಲ್ಲುವುದು ಮುಗಿದ ಮೇಲೆ ಕೂರುವುದರ ಸರದಿ. 2025ರ ಬೇಸಿಗೆಯಲ್ಲಿ ಹೊಸ ಪಟ್ಟಿ ಬಂತು: ಬರಿಗಾಲಲ್ಲಿ ಓಡಾಡಬಾರದು, ಅಂಗಿಯಿಲ್ಲದೆ ತಿರುಗಬಾರದು, ಬೀದಿಯಲ್ಲಿ ನೆಲದ ಮೇಲೆ ಕೂರಬಾರದು. ತಪ್ಪಿದರೆ 25ರಿಂದ 500 ಯೂರೋ. ನಮ್ಮ ಕರಾವಳಿಯ ಎಷ್ಟೋ ದೇವಸ್ಥಾನಗಳಲ್ಲಿ ಅಂಗಿ ಬನಿಯನ್ ಬಿಚ್ಚದ ಗಂಡಸನ್ನು ಗರ್ಭಗುಡಿಯ ಹತ್ತಿರ ಬಿಡುವುದಿಲ್ಲ. ಆ ಕರಾವಳಿಯಲ್ಲಿ ಬಿಚ್ಚಿದವನನ್ನು ಬಿಡುವುದಿಲ್ಲ. ಎರಡೂ ಕಡೆ ಹೇಳುವ ಕಾರಣ ಒಂದೇ, ಸ್ಥಳದ ಘನತೆ.

ಪೋರ್ಟೊಫಿನೊ ಒಂದನ್ನೇ ಅಂದರೆ ಅನ್ಯಾಯವಾದೀತು. ಇಟಲಿಯ ಕರಾವಳಿಗೆಲ್ಲ ಈ ದಂಡದ ಗೀಳು ಹಿಡಿದಿದೆ. ಅಲ್ಲಿಂದ ಇನ್ನಷ್ಟು ಕೆಳಕ್ಕೆ ಚಿಂಕ್ವೆ ತೆರ್ರೆಯ ಐದು ಹಳ್ಳಿಗಳಿವೆ. ಅಲ್ಲಿನ ಬೆಟ್ಟದ ಕಾಲುದಾರಿಯನ್ನು ಹವಾಯಿ ಚಪ್ಪಲಿಯಲ್ಲಿ ಹತ್ತಿದರೆ 50ರಿಂದ 2,500 ಯೂರೋ ದಂಡ ಎಂದು 2019ರಲ್ಲೇ ಎಚ್ಚರಿಸಿದ್ದರು. ಸೊರೆಂಟೊದಲ್ಲಿ ಈಜುಡುಗೆಯಲ್ಲಿ ಪೇಟೆ ಸುತ್ತಿದರೆ 500 ಯೂರೋವರೆಗೆ. ಸಾರ್ಡೀನಿಯಾದಲ್ಲಿ ಕಡಲ ದಂಡೆಯ ಮರಳನ್ನು ಬಾಟಲಿಯಲ್ಲಿ ತುಂಬಿ ಮನೆಗೆ ಒಯ್ದರೆ 3,000 ಯೂರೋವರೆಗೆ. ಈ ಕೊನೆಯದಕ್ಕೆ ಮಾತ್ರ ನನ್ನ ಪೂರ್ಣ ಬೆಂಬಲವಿದೆ. ಮರಳು ಎಂಬ ಪದಾರ್ಥಕ್ಕೆ ಕಾನೂನು ಹೆದರಿಕೆ ಹುಟ್ಟಿಸಬಲ್ಲದು ಎಂಬುದೇ ಕರ್ನಾಟಕದವನಿಗೆ ರೋಮಾಂಚನದ ಸಂಗತಿ.

ಮಿಲಾನಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಸೋದರಳಿಯ ನಮ್ಮನ್ನು ಪೋರ್ಟೊಫಿನೊಗೆ ಕರೆದೊಯ್ದ. ನಮ್ಮನ್ನು ಅಂದರೆ ನನ್ನನ್ನು, ಸಕಲೇಶಪುರದಿಂದ ಬಂದ ಅಕ್ಕನನ್ನು, ಕಾಫಿ ತೋಟ ಬಿಟ್ಟು ಬರಲು ಮನಸ್ಸಿಲ್ಲದೆ ಬಂದ ಭಾವನನ್ನು. ಪೋರ್ಟೊಫಿನೊಗೆ ರೈಲಿಲ್ಲ. ಸಾಂತಾ ಮಾರ್ಗೆರೀಟಾ ಎಂಬ ಊರಲ್ಲಿ ಇಳಿದು ಬಸ್ಸು ಹಿಡಿಯಬೇಕು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಸಮುದ್ರ, ನಡುವೆ ಐದು ಕಿಲೋಮೀಟರ್ ರಸ್ತೆ. ಎದುರಿಗೊಂದು ಬಸ್ಸು ಬಂದರೆ ಇಬ್ಬರು ಡ್ರೈವರುಗಳೂ ಕನ್ನಡಿ ಮಡಚಿಕೊಂಡು, ಒಬ್ಬರನ್ನೊಬ್ಬರು ಬೈದುಕೊಂಡು ದಾಟುತ್ತಾರೆ. ಬೈಗುಳದ ಭಾಷೆ ಬಾರದಿದ್ದರೂ ಅಕ್ಕನಿಗೆ ಅರ್ಥವಾಯಿತು.

ಇಳಿದ ಮೇಲೆ ಕಲ್ಲು ಹಾಸಿದ ಇಳಿಜಾರು. ಎರಡೂ ಕಡೆ ಅಂಗಡಿ. ಒಂದು ಕಾಲಕ್ಕೆ ಮೀನು, ಹಗ್ಗ, ಎಣ್ಣೆ ಮಾರುತ್ತಿದ್ದಿರಬಹುದಾದ ಆ ಬಾಗಿಲುಗಳ ಹಿಂದೆ ಈಗ ಒಂದೊಂದು ಗಾಜಿನ ಪೆಟ್ಟಿಗೆಯಲ್ಲಿ ಒಂದೊಂದು ಕೈಚೀಲ ಕೂತಿದೆ. ಬೆಲೆಯ ಚೀಟಿ ಇಲ್ಲ. ಬೆಲೆ ಕೇಳಬೇಕಾದವರು ಕೊಳ್ಳುವವರಲ್ಲ ಎಂಬುದು ಅಂಗಡಿಯವರ ತಿಳಿವಳಿಕೆ. ಅದು ನಮ್ಮ ಮಟ್ಟಿಗೆ ನಿಜವೂ ಆಗಿತ್ತು.

ಇಗರ್ಜಿಯ ಕಡೆ ಹತ್ತುವಾಗ ಅಕ್ಕನ ಮಂಡಿ ಹಿಡಿಯಿತು. ಮೆಟ್ಟಿಲ ಮೇಲೆ ಕೂತಳು. ಅಳಿಯನ ಮುಖ ಬಿಳುಚಿತು.

“ಅಮ್ಮಾ, ಏಳಮ್ಮಾ. ಇಲ್ಲಿ ಕೂರೋ ಹಾಗಿಲ್ಲ, ಫೈನ್ ಹಾಕ್ತಾರೆ.”

“ಹಂಗಾದ್ರೆ ನಿಂತ್ಕೋತೀನಿ ಬಿಡು.”

“ಕೆಳಗಡೆ ನಿಲ್ಲೋ ಹಾಗೂ ಇಲ್ಲಮ್ಮ.”

“ಮತ್ತೆ ಕರ್ಕೊಂಡ್ ಬಂದಿದ್ದು ಯಾಕೋ?”

ಪ್ರವಾಸೋದ್ಯಮದ ಬಗ್ಗೆ ಇದಕ್ಕಿಂತ ಖಚಿತವಾದ ಪ್ರಶ್ನೆಯನ್ನು ನಾನು ಎಲ್ಲಿಯೂ ಓದಿಲ್ಲ. ಅಳಿಯನ ಬಳಿ ಉತ್ತರವಿರಲಿಲ್ಲ. ಕೂರುವುದಕ್ಕೆ ಊರಿನಲ್ಲಿ ಒಂದೇ ಧರ್ಮಸಮ್ಮತ ದಾರಿ: ಚೌಕದ ಅಂಚಿನಲ್ಲಿ ಕೊಡೆ ಬಿಚ್ಚಿಕೊಂಡಿರುವ ಕೆಫೆಯ ಕುರ್ಚಿ. ಕೂತೆವು. ಇಟಲಿಯ ಎಷ್ಟೋ ಊರುಗಳಲ್ಲಿ ಕೌಂಟರಿಗೆ ಒರಗಿ ನಿಂತು ಕುಡಿದರೆ ಕಾಫಿಗೆ ಒಂದು ದರ, ಮೇಜಿಗೆ ತರಿಸಿಕೊಂಡರೆ ಇನ್ನೊಂದು. ಪೋರ್ಟೊಫಿನೊದಲ್ಲಿ ಈ ಎರಡರ ನಡುವಿನ ಅಂತರವನ್ನು ತುಂಬುವುದು ಎದುರಿನ ಸಮುದ್ರ. ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ನಮೂದಿಸಿರುವುದಿಲ್ಲ ಅಷ್ಟೆ.

ಬಿಲ್ಲು ನೋಡಿ ಭಾವ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ನೋಡಿದರು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೆಳೆಯುವುದು ಕರ್ನಾಟಕ. ಎಸ್ಪ್ರೆಸೊ ಮೇಲಿನ ಆ ದಪ್ಪ ಕಂದು ನೊರೆಗೆ ನಮ್ಮ ರೋಬಸ್ಟಾ ಬೇಕೇಬೇಕು ಎಂಬುದು ಭಾವನಿಗೆ ಚೆನ್ನಾಗಿ ಗೊತ್ತು. ಒಂದು ಕಪ್ಪಿಗೆ ಏಳು ಗ್ರಾಂ ಪುಡಿ. ಅವರು ಕಪ್ಪನ್ನು ಬೆಳಕಿಗೆ ಹಿಡಿದು, ನೊರೆಯನ್ನು ಚಮಚದಲ್ಲಿ ಸರಿಸಿ, ಮೂಸಿ, “ನಮ್ಮ ಕಡೇದೇ ಇರಬೇಕು ಕಣಯ್ಯ” ಎಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಒಣಗಿಸಿದ ಚೆರ್ರಿಯನ್ನು ಕೆಜಿಗೆ ಇಷ್ಟೆಂದು ಕೊಟ್ಟು ಬಂದವರು ಅದನ್ನೇ ಗ್ರಾಂ ಲೆಕ್ಕದಲ್ಲಿ ವಾಪಸು ಕೊಳ್ಳುವ ಹೊತ್ತಿನಲ್ಲಿ ಇನ್ನೇನು ಮಾತು?

ಕೂತಲ್ಲಿಂದ ಎದುರಿನ ಮನೆಗಳನ್ನು ನೋಡುತ್ತಿದ್ದೆ. ಮೂರನೇ ಮಹಡಿಯ ಒಂದು ಕಿಟಕಿ ಹಸಿರು ಪಟ್ಟಿಯ ಬಾಗಿಲು ಅರ್ಧ ತೆರೆದುಕೊಂಡಿತ್ತು. ಮೇಲೆ ಕಲ್ಲಿನ ಕೆತ್ತನೆ, ಕೆಳಗೆ ಹೊಸ್ತಿಲು, ಹೊಸ್ತಿಲಿನ ಅಡಿ ಓರೆಯಾಗಿ ಬಿದ್ದ ನೆರಳು. ಬಿಸಿಲು ಸರಿಯಿತು, ನೆರಳು ಸರಿಯಲಿಲ್ಲ. ಆಮೇಲೆ ತಿಳಿಯಿತು, ಕಿಟಕಿಯೂ ಇಲ್ಲ, ಕೆತ್ತನೆಯೂ ಇಲ್ಲ, ಎಲ್ಲ ಗೋಡೆಯ ಮೇಲೆ ಬರೆದ ಚಿತ್ರ. ಪಕ್ಕದ ಕಿಟಕಿ ನಿಜವಾದದ್ದು. ಅದರ ಮುಂದೆ ಒಗೆದ ಎರಡು ಕಾಲುಚೀಲ ತೂಗುತ್ತಿದ್ದವು. ಲಿಗೂರಿಯಾದಲ್ಲಿ ಇದು ಹಳೆಯ ಕಲೆ. ಕಲ್ಲು ಕಡೆಸುವ ಶಕ್ತಿಯಿಲ್ಲದವರು ಬಣ್ಣದಲ್ಲಿ ಕಲ್ಲು ಬರೆಸಿದರು, ಕಿಟಕಿ ಸಾಲದ ಕಡೆ ಕಿಟಕಿ ಬರೆಸಿ ಸಾಲು ಸರಿಮಾಡಿದರು. ಬಡತನದ ಜಾಣತನ ಅದು. ಈಗ ಅದನ್ನು ಸಂರಕ್ಷಿತ ಪರಂಪರೆ ಎನ್ನುತ್ತಾರೆ. ಮನೆ ರಿಪೇರಿ ಮಾಡಿಸುವವನು ಇಲ್ಲದ ಕಿಟಕಿಯನ್ನು ಇದ್ದ ಹಾಗೇ ಮತ್ತೆ ಬರೆಸಿಕೊಡಬೇಕು. ಇರುವ ಕಿಟಕಿಯ ಹಿಂದೆ ವರ್ಷಪೂರ್ತಿ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುವ ನಿಯಮ ಮಾತ್ರ ಇನ್ನೂ ಬಂದಿಲ್ಲ.

ನಮಗೆ ಕಾಫಿ ತಂದುಕೊಟ್ಟ ಹುಡುಗ ಈ ಊರಿನವನಲ್ಲ. ಬೆಳಿಗ್ಗೆ ನಾವು ಬಂದ ಬಸ್ಸಿನಲ್ಲೇ ಬಂದಿದ್ದ. ಅಡುಗೆಯವರು, ಹಾಸಿಗೆ ಹಾಸುವವರು, ಕಸ ಗುಡಿಸುವವರು ಎಲ್ಲರ ಕಥೆಯೂ ಅಷ್ಟೇ. ಊರಿನಲ್ಲಿ ದುಡಿಯುವವರಿಗೆ ಊರಿನಲ್ಲಿ ಮನೆ ಮಾಡುವ ತಾಕತ್ತಿಲ್ಲ. ಮನೆ ಇರುವವರಿಗೆ ಊರಿನಲ್ಲಿ ಕೆಲಸವಿಲ್ಲ, ಅವರು ಬೇಸಿಗೆಯ ಕೆಲವು ವಾರ ಬಂದು ಹೋಗುತ್ತಾರೆ.

ಇತಿಹಾಸಕ್ಕೇನೂ ಕೊರತೆಯಿಲ್ಲ. ರೋಮನ್ನರ ಕಾಲದಲ್ಲಿ ಪ್ಲಿನಿ ಇದನ್ನು ಡಾಲ್ಫಿನ್ನುಗಳ ಬಂದರು ಎಂದು ಬರೆದಿದ್ದಾನೆ. ಆಮೇಲೆ ಬೆನೆಡಿಕ್ಟೀನ್ ಸನ್ಯಾಸಿಗಳು, ಜಿನೋವಾ ಗಣರಾಜ್ಯ, ಕಡಲ್ಗಳ್ಳರು. ಗಂಡಸರು ಬಲೆ ಎಳೆದರು, ಹೆಂಗಸರು ಮನೆಬಾಗಿಲಲ್ಲಿ ಕೂತು ಲೇಸು ನೇಯ್ದರು. ಹೌದು, ಬಾಗಿಲಲ್ಲಿ ಕೂತು. ಆಗ ಅದು ಅಪರಾಧವಾಗಿರಲಿಲ್ಲ. 19ನೇ ಶತಮಾನದಲ್ಲಿ ಬ್ರಿಟಿಷ್ ಕಾನ್ಸಲ್ ಒಬ್ಬ ಪಾಳುಬಿದ್ದ ಕೋಟೆಯನ್ನು ಕೊಂಡು ಬಂಗಲೆ ಮಾಡಿಕೊಂಡ. ಅದಕ್ಕೇ ಇಂದಿಗೂ ‘ಕಾಸ್ತೆಲ್ಲೊ ಬ್ರೌನ್’ ಎಂಬ ಅಪ್ಪಟ ಇಟಾಲಿಯನ್ ಹೆಸರು. ಅದೇ ಕೋಟೆಯಲ್ಲಿ ತಂಗಿದ್ದ ಎಲಿಜಬೆತ್ ವಾನ್ ಆರ್ನಿಮ್ 1922ರಲ್ಲಿ ‘ದಿ ಎನ್‌ಚಾಂಟೆಡ್ ಏಪ್ರಿಲ್’ ಎಂಬ ಕಾದಂಬರಿ ಪ್ರಕಟಿಸಿದಳು. ಲಂಡನ್ನಿನ ಬದುಕು ಸಾಕಾದ ನಾಲ್ವರು ಹೆಂಗಸರು ಇಲ್ಲಿಗೆ ಬಂದು ಚೇತರಿಸಿಕೊಳ್ಳುವ ಕಥೆ. ಓದಿದವರೆಲ್ಲ ಚೇತರಿಸಿಕೊಳ್ಳಲು ಹೊರಟರು. ಇನ್ನೂ ಹೊರಡುತ್ತಲೇ ಇದ್ದಾರೆ. ಬಂದವರು ಚೇತರಿಸಿಕೊಂಡರು, ಊರು ಮಾತ್ರ ಚೇತರಿಸಿಕೊಳ್ಳಲಿಲ್ಲ.

ಗುಡ್ಡದ ಮೇಲಿರುವ ಸ್ಪ್ಲೆಂಡಿಡೊ ಹೋಟೆಲು ಹಿಂದೆ ಸನ್ಯಾಸಿಗಳ ಮಠವಾಗಿತ್ತಂತೆ. ಕಡಲ್ಗಳ್ಳರು ಪದೇ ಪದೇ ನುಗ್ಗಿ ದೋಚುತ್ತಿದ್ದರಿಂದ ಸನ್ಯಾಸಿಗಳು ಬಿಟ್ಟು ಓಡಿದರು ಎಂಬುದು ಹೋಟೆಲಿನವರೇ ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ. ಈಗ ವ್ಯವಸ್ಥೆ ಸುಧಾರಿಸಿದೆ. ದೋಚಿಸಿಕೊಳ್ಳುವವರು ಮೊದಲೇ ರೂಮು ಕಾದಿರಿಸಿ ತಾವಾಗಿಯೇ ಬರುತ್ತಾರೆ.

ಈ ಊರಿನ ದಂಡಸಂಹಿತೆಯಲ್ಲಿ ಒಂದು ಸೂಕ್ಷ್ಮವಿದೆ. ನೆಲದ ಮೇಲೆ ನಿಂತರೆ ತಪ್ಪು, ನೀರಿನ ಮೇಲೆ ನಿಂತರೆ ಅಲ್ಲ. ಕೊಲ್ಲಿಯ ಮುಂದೆ ಇಡೀ ಮಧ್ಯಾಹ್ನ ಲಂಗರು ಹಾಕಿ ನಿಂತಿದ್ದ ವಿಹಾರನೌಕೆಯೊಂದು ಮೂರು ಮಹಡಿಯಷ್ಟು ಎತ್ತರವಿತ್ತು. ಅದರ ಹಿಂದೆ ಅರ್ಧ ಕೊಲ್ಲಿ ಮರೆಯಾಗಿತ್ತು. ಅಡಚಣೆ ಎಂದು ಅದರ ಮೇಲೆ ಯಾರೂ ಚೀಟಿ ಅಂಟಿಸಲಿಲ್ಲ. ಜನ ಅದರದ್ದೇ ಫೋಟೊ ತೆಗೆಯುತ್ತಿದ್ದರು, ನಡೆಯುತ್ತಾ.

ನಮ್ಮವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2017ರಲ್ಲಿ ವಿರಾಟ್ ಕೊಹ್ಲಿ ಟಸ್ಕನಿಯಲ್ಲಿ, ಮರುವರ್ಷ ನಮ್ಮ ಬೆಂಗಳೂರಿನ ದೀಪಿಕಾ ಪಡುಕೋಣೆ ಕೋಮೊ ಸರೋವರದ ದಡದಲ್ಲಿ ಮದುವೆಯಾದ ಮೇಲೆ ಇಟಲಿಯೆಂದರೆ ನಮ್ಮ ಹಣವಂತರಿಗೆ ದೊಡ್ಡ ಛತ್ರ. 2024ರಲ್ಲಿ ಅನಂತ್ ಅಂಬಾನಿ ಮದುವೆಗೆ ಮುಂಚಿನ ಸಡಗರ ಹಡಗಿನಲ್ಲಿ ನಡೆಯಿತು. ಸುಮಾರು ಎಂಟು ನೂರು ಅತಿಥಿಗಳು. ಪಲೆರ್ಮೊ, ರೋಮ್, ಕಾನ್ ಸುತ್ತಿ ಜೂನ್ 1ರಂದು ಕೊನೆಯ ಔತಣಕ್ಕೆ ಇಳಿದದ್ದು ಪೋರ್ಟೊಫಿನೊದಲ್ಲಿ. ಊರಿನ ಜನರಿಗಿಂತ ಅತಿಥಿಗಳು ಎರಡರಷ್ಟು. ಅಂಧ ಗಾಯಕ ಆಂಡ್ರಿಯಾ ಬೊಚೆಲ್ಲಿ ಹಾಡಿದರು. ಆ ಸಂಜೆ ಚೌಕದ ಕಡೆ ಹೋಗಲಾಗಲಿಲ್ಲವೆಂದು ಬೇರೆ ಪ್ರವಾಸಿಗಳು ಗೊಣಗಿದ್ದು ಪತ್ರಿಕೆಗಳಲ್ಲಿ ಬಂತು. ಹಿಂದಿನ ವರ್ಷವಷ್ಟೇ ಇಬ್ಬರು ನಿಂತು ಸೆಲ್ಫಿ ತೆಗೆದರೆ ದಾರಿ ಕಟ್ಟುತ್ತದೆಂದು ದಂಡ ವಿಧಿಸಿದ ಊರು ಇದು. ಎಂಟು ನೂರು ಜನ ನಿಂತು, ಕೂತು, ಉಂಡು, ಕುಣಿದರೆ ದಾರಿ ಕಟ್ಟುವುದಿಲ್ಲ. ಆಗ ಅದಕ್ಕೆ ಊರಿನ ಪ್ರಚಾರ ಎನ್ನುತ್ತಾರೆ. ನಾನು ಅಂಬಾನಿಯವರನ್ನು ದೂರುತ್ತಿಲ್ಲ. ಬಾಡಿಗೆಗೆ ಸಿಗುವುದನ್ನು ಬಾಡಿಗೆಗೆ ಪಡೆದರು. ಚೌಕ ಬಾಡಿಗೆಗೆ ಸಿಗುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟಿದ್ದಕ್ಕೆ ಕೃತಜ್ಞತೆಯೇ ಇದೆ.

ಬಾಡಿಗೆಗೆ ತೆಗೆದುಕೊಳ್ಳಲಾರದವರು ನಕಲು ಮಾಡುತ್ತಾರೆ. ಅಮೆರಿಕದ ಒರ್ಲ್ಯಾಂಡೊದಲ್ಲಿ 1999ರಿಂದ ಒಂದು ಹೋಟೆಲು ಪೋರ್ಟೊಫಿನೊ ವೇಷ ಹಾಕಿ ನಿಂತಿದೆ. ನಮಗೆ ಹತ್ತಿರದ್ದು ಪುಣೆಯ ಬಳಿ ಕಂಪನಿಯೊಂದು ಕಟ್ಟಿದ ಊರು, ಲವಾಸಾ. ವರಸಗಾಂವ್ ಅಣೆಕಟ್ಟಿನ ಹಿನ್ನೀರನ್ನೇ ಮೆಡಿಟರೇನಿಯನ್ ಎಂದು ಭಾವಿಸಿಕೊಂಡು, ದಂಡೆಗೆ ಕೇಸರಿ, ಗುಲಾಬಿ, ಹಳದಿ ಕಟ್ಟಡಗಳನ್ನು ಸಾಲಾಗಿ ನಿಲ್ಲಿಸಿದರು. ಬೀದಿಯೊಂದಕ್ಕೆ ಪೋರ್ಟೊಫಿನೊ ಎಂದೇ ಹೆಸರಿಟ್ಟರು. 2010ರ ನವೆಂಬರಿನಲ್ಲಿ ಪರಿಸರ ಸಚಿವಾಲಯ ಕೆಲಸ ನಿಲ್ಲಿಸಿ ಎಂದಿತು. 2018ರ ಆಗಸ್ಟಿನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅಸಲಿ ಪೋರ್ಟೊಫಿನೊದಲ್ಲಿ ಜನ ಹೆಚ್ಚಾದರೆಂದು ನಿಲ್ಲಲು ಬಿಡಲಿಲ್ಲ. ನಕಲಿಯಲ್ಲಿ ನಿಲ್ಲಲು ಜನರೇ ಇಲ್ಲ. ಒಂದಕ್ಕೆ ಇನ್ನೊಂದರ ಜನರನ್ನು ಸಾಗಿಸುವ ಯೋಜನೆಯೊಂದನ್ನು ಯಾರಾದರೂ ಹಾಕಿದರೆ ಇಬ್ಬರಿಗೂ ಕ್ಷೇಮ.

ಊರಿನವರ ಕಷ್ಟ ಇಲ್ಲವೆನ್ನಲಾರೆ. 2018ರ ಅಕ್ಟೋಬರ್ 29ರ ಬಿರುಗಾಳಿಗೆ ನಾವು ಬಂದ ಆ ಒಂದೇ ರಸ್ತೆ ಕುಸಿದು ಸಮುದ್ರ ಪಾಲಾಗಿತ್ತು. ಮರುವರ್ಷದ ಏಪ್ರಿಲ್‌ವರೆಗೆ ಅದು ತೆರೆಯಲಿಲ್ಲ, ಹಾಲು, ರೊಟ್ಟಿ, ಔಷಧ ದೋಣಿಯಲ್ಲಿ ಬರಬೇಕಾಯಿತು. ಆ ಚಳಿಗಾಲ ಅಲ್ಲೇ ಉಳಿದವರು ಖಾಯಂ ನಿವಾಸಿಗಳೇ. ಅಂಥವರ ಬಾಗಿಲಿಗೆ ಬೇಸಿಗೆಯಲ್ಲಿ ಹಡಗುಗಟ್ಟಲೆ ಜನ ಬಂದು ಒರಗಿದರೆ ಸಿಟ್ಟು ಬಾರದೆ ಇದ್ದೀತೆ? ಬರಲಿ. ಆದರೆ ಆ ಸಿಟ್ಟು ಬಸ್ಸಿನಲ್ಲಿ ಬಂದವನ ಮೇಲೇ ಯಾಕೆ ಇಳಿಯುತ್ತದೆ, ಹಡಗಿನ ತುದಿಯಲ್ಲಿ ಕಾಲು ಚಾಚಿದವನವರೆಗೆ ಯಾಕೆ ಏರುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಬಿಲ್ಲು ಕೊಟ್ಟು ಎದ್ದಾಗ ಅಳಿಯ ಗೋಡೆಯ ಮೇಲಿನ ಫಲಕ ತೋರಿಸಿದ. ಎಲ್ಲರೂ ಪಿಯಾಜೆಟ್ಟಾ, ಪುಟ್ಟ ಚೌಕ, ಎಂದು ಮುದ್ದಾಗಿ ಕರೆಯುವ ಆ ಜಾಗದ ದಫ್ತರದ ಹೆಸರು ಪಿಯಾಜ್ಜಾ ಮಾರ್ತಿರಿ ದೆಲ್ಲೊಲಿವೆತ್ತಾ. ಒಲಿವೆತ್ತಾದ ಹುತಾತ್ಮರ ಚೌಕ. 1944ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಜಿನೋವಾದ ಮರಾಸ್ಸಿ ಜೈಲಿನಿಂದ 22 ರಾಜಕೀಯ ಕೈದಿಗಳನ್ನು ನಾಜಿಗಳು ಇಲ್ಲಿಗೆ ತಂದು, ಒಲಿವೆತ್ತಾ ಎಂಬ ದಂಡೆಯಲ್ಲಿ ಗುಂಡಿಟ್ಟು, ಕಲ್ಲು ಕಟ್ಟಿ ಸಮುದ್ರಕ್ಕೆ ಎಸೆದರು. ಆಗಲೂ ಈ ಊರು ಇಷ್ಟೇ ಚೆಂದವಿತ್ತು. ಕಿಟಕಿಗಳ ಚಿತ್ರ ಆಗಲೂ ಗೋಡೆಯ ಮೇಲಿತ್ತು. ಅವರ ಹೆಸರಿನ ಚೌಕದಲ್ಲಿ ಇವತ್ತು ಕೊಡೆಯ ನೆರಳಿಗೆ ಬೆಲೆಯಿದೆ, ಕುರ್ಚಿಗೆ ಬೆಲೆಯಿದೆ, ಸಮುದ್ರ ಕಾಣುವುದಕ್ಕೆ ಬೆಲೆಯಿದೆ. ಫಲಕ ಓದುವುದು ಮಾತ್ರ ಬಿಟ್ಟಿ, ಹಾಗಾಗಿ ಅದರ ಮುಂದೆ ನೂಕುನುಗ್ಗಲಿರಲಿಲ್ಲ.

ಹೋಗಬೇಕೆಂದಿದ್ದರೆ ಹೋಗಿ, ಬೇಡವೆನ್ನುವುದಿಲ್ಲ. ಆದರೆ ಜುಲೈ, ಆಗಸ್ಟಿನಲ್ಲಿ ಬೇಡ. ಡಿಸೆಂಬರಿನ ಮೊದಲ ವಾರ ಹೋಗಿ. ಕೈಚೀಲದ ಅಂಗಡಿಗಳು ಹೆಚ್ಚಾಗಿ ಮುಚ್ಚಿರುತ್ತವೆ, ವಿಹಾರನೌಕೆಗಳು ಬೆಚ್ಚಗಿನ ಕಡಲು ಹುಡುಕಿಕೊಂಡು ಹೋಗಿರುತ್ತವೆ, ಕೊಡೆ ನೀವೇ ಒಯ್ಯಬೇಕು. ಸಾಂತಾ ಮಾರ್ಗೆರೀಟಾವರೆಗೆ ರೈಲಿದೆ, ಮುಂದಕ್ಕೆ ಬಸ್ಸಿದೆ, ಮಂಡಿ ಗಟ್ಟಿಯಿದ್ದರೆ ನಡೆದೂ ಹೋಗಬಹುದು. ಚೌಕಕ್ಕೆ ಹೋದವರು ಫೋಟೊ ತೆಗೆಯುವ ಮೊದಲು ಆ ಫಲಕ ಓದಿ. 2023ರ ಆದೇಶದ ಅವಧಿ ಅಕ್ಟೋಬರ್ 15ಕ್ಕೆ, 2025ರದ್ದು ಸೆಪ್ಟೆಂಬರಿಗೆ ಮುಗಿದಿತ್ತು. ಚಳಿಗಾಲದಲ್ಲಿ ನಿಂತವರನ್ನು ಅಲ್ಲಿ ಯಾರೂ ಕೇಳುವುದಿಲ್ಲ.